ಕಸದ ಸಮಿತಿಯಲ್ಲಿ ಯಾರ ಕುರ್ಚಿ ಖಾಲಿ?

ನಾನು ಎರಡು ವರ್ಷ ಒಂದು ವಾರ್ಡ್ ಸಮಿತಿಯ, ಅಂದರೆ ವಾರ್ಡಿನ ಕೆಲಸಗಳ ಬಗ್ಗೆ ಪಾಲಿಕೆಗೆ ಸಲಹೆ ಕೊಡುವ ನಾಗರಿಕರ ಸಮಿತಿಯ, ಸದಸ್ಯಳಾಗಿದ್ದೆ. ಊರಿನ ಹೆಸರನ್ನೂ ವಾರ್ಡಿನ ಸಂಖ್ಯೆಯನ್ನೂ ಹೇಳುವುದಿಲ್ಲ. ಹೇಳಿದರೆ ನಮ್ಮ ಮಾತೆಲ್ಲ ಆ ಒಂದು ಕಚೇರಿಯ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ಸಮಿತಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಉದ್ದನೆಯ ರಟ್ಟಿನ ಪುಸ್ತಕವೊಂದರಲ್ಲಿ ಗುಮಾಸ್ತರು ನಡಾವಳಿ ಬರೆಯುತ್ತಿದ್ದರು, ನಾವು ಕೆಳಗೆ ಸಾಲಾಗಿ ಸಹಿ ಹಾಕುತ್ತಿದ್ದೆವು. ಏಳೆಂಟು ತಿಂಗಳಾದ ಮೇಲೆ ಒಂದು ದಿನ ಸಭೆ ತಡವಾಯಿತು. ಹೊತ್ತು ಕಳೆಯಲೆಂದು ಆ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ನಾಲ್ಕನೆಯ ಅಡ್ಡರಸ್ತೆಯ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ, ಕಸ ಬೀಳುತ್ತಿರುವ ವಿಷಯ ಪ್ರತಿ ತಿಂಗಳೂ ಚರ್ಚೆಗೆ ಬಂದಿತ್ತು. ಪ್ರತಿ ತಿಂಗಳೂ ಅದರ ಮುಂದೆ ಒಂದೇ ವಾಕ್ಯವಿತ್ತು: ‘ಸದರಿ ಸ್ಥಳದಲ್ಲಿ ಕಸ ಹಾಕದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಕೈಗೊಳ್ಳುವವರು ಯಾರು, ಯಾವಾಗ, ಯಾವ ಕ್ರಮ ಎಂಬುದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಕನ್ನಡ ಮೇಷ್ಟ್ರುಗಳು ಕರ್ಮಣಿ ಪ್ರಯೋಗ ನಮ್ಮ ಭಾಷೆಗೆ ಒಗ್ಗುವುದಿಲ್ಲ ಎನ್ನುತ್ತಾರೆ. ಸರ್ಕಾರಿ ಕಚೇರಿಗೆ ಮಾತ್ರ ಅದು ಬಹಳ ಚೆನ್ನಾಗಿ ಒಗ್ಗಿದೆ, ಏಕೆಂದರೆ ಕರ್ತೃವನ್ನು ಅದು ಸದ್ದಿಲ್ಲದೆ ಮಾಯ ಮಾಡುತ್ತದೆ.

ಸ್ಥಳೀಯ ಕಸ ನಿರ್ವಹಣೆಯಲ್ಲಿ ನಾಗರಿಕ ಸಲಹಾ ಸಮಿತಿಗಳ ಪಾತ್ರವೇನು ಎಂದು ನೀವು ನನಗೆ ವಿಷಯ ಕೊಟ್ಟಿದ್ದೀರಿ. ಇಂಥ ಸಮಿತಿಗಳು ಇರಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಕಾನೂನಿನಲ್ಲಿ ಅವು ಇವೆ. ನನ್ನನ್ನು ಕಾಡುವ ಪ್ರಶ್ನೆಗಳು ಎರಡೇ. ಸಮಿತಿ ಸಲಹೆ ಕೊಟ್ಟ ಮೇಲೆ ಅದಕ್ಕೆ ಉತ್ತರ ಕೊಡುವ ಹೊಣೆ ಯಾರದ್ದು? ಮತ್ತು ಆ ಮೇಜಿನ ಸುತ್ತ ಕುರ್ಚಿ ಸಿಗುವುದು ಯಾರಿಗೆ? ಇವೆರಡನ್ನು ಬಗೆಹರಿಸಿಕೊಳ್ಳದೆ ಎಷ್ಟು ಸಮಿತಿ ರಚಿಸಿದರೂ ಅದು ತಿಪ್ಪೆ ಸಾರಿಸುವ ಕೆಲಸವೇ ಆಗುತ್ತದೆ.

ಮೊದಲು ಆ ಟ್ರಾನ್ಸ್‌ಫಾರ್ಮರ್ ಮೂಲೆಯ ಕಥೆಯನ್ನು ಮುಗಿಸುತ್ತೇನೆ. ನಮ್ಮ ಸಮಿತಿಯಲ್ಲಿ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಾತು ಕಡಿಮೆ. ಕ್ಯಾಮೆರಾ ಹಾಕಿಸೋಣ, ದಂಡ ಹಾಕೋಣ, ಗೋಡೆಯ ಮೇಲೆ ದೇವರ ಚಿತ್ರ ಬರೆಸೋಣ ಎಂದು ನಾವೆಲ್ಲ ಒಬ್ಬರ ಮೇಲೊಬ್ಬರು ಹೇಳುತ್ತಿರುವಾಗ ಅವರು ಆರೋಗ್ಯ ನಿರೀಕ್ಷಕರನ್ನು ಒಂದೇ ಪ್ರಶ್ನೆ ಕೇಳಿದರು: ‘ಆ ರಸ್ತೆಗೆ ಕಸದ ಆಟೋ ಎಷ್ಟು ಗಂಟೆಗೆ ಬರುತ್ತೆ ಸ್ವಾಮಿ?’ ನಿರೀಕ್ಷಕರಿಗೆ ಗೊತ್ತಿರಲಿಲ್ಲ. ಆಟೋ ಓಡುವ ದಾರಿಯ ಪಟ್ಟಿ ಕೊಡಿ ಎಂದು ಕೇಳಿದೆವು. ಎರಡು ತಿಂಗಳು ಬರಲಿಲ್ಲ. ಕೊನೆಗೆ ಆ ಹಿರಿಯರೂ ನಾನೂ ಒಂದು ಬೆಳಗ್ಗೆ ಆರೂವರೆಗೆ ಪೌರಕಾರ್ಮಿಕರ ಹಾಜರಿ ನಡೆಯುವ ಜಾಗಕ್ಕೇ ಹೋಗಿ, ಆಟೋದ ಹಿಂದೆ ನಡೆದುಕೊಂಡು ಹೊರಟೆವು.

ಮೂರನೆಯ ಅಡ್ಡರಸ್ತೆ ಮುಗಿಯುವಷ್ಟರಲ್ಲಿ ಆಟೋ ತುಂಬಿತು. ಚಾಲಕ ಅದನ್ನು ಕಾಂಪ್ಯಾಕ್ಟರ್, ಅಂದರೆ ಕಸ ಒತ್ತಿ ತುಂಬುವ ಲಾರಿ, ನಿಲ್ಲುವ ಜಾಗಕ್ಕೆ ಒಯ್ದು, ಅಲ್ಲಿ ಸಾಲಿನಲ್ಲಿ ನಿಂತು, ಸುರಿದು, ವಾಪಸು ನಾಲ್ಕನೆಯ ಅಡ್ಡರಸ್ತೆಗೆ ಬಂದಾಗ ಹತ್ತು ಗಂಟೆಯಾಗಿತ್ತು. ಆ ರಸ್ತೆಯಲ್ಲಿ ಇರುವವು ಸಣ್ಣ ಸಣ್ಣ ಬಾಡಿಗೆ ಮನೆಗಳು ಮತ್ತು ಎರಡು ಪಿಜಿಗಳು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಎಂಟಕ್ಕೆ ಮೊದಲೇ ಬೀಗ ಹಾಕಿಕೊಂಡು ಹೋಗಿರುತ್ತಾರೆ. ಅವರು ಹೋಗುವಾಗ ಕೈಯಲ್ಲಿದ್ದ ಕವರನ್ನು ಎಲ್ಲಿ ಇಡಬೇಕು? ಬಸ್ ನಿಲ್ದಾಣದ ದಾರಿಯಲ್ಲಿ ಆ ಟ್ರಾನ್ಸ್‌ಫಾರ್ಮರ್ ಇದೆ. ಎಂಟು ತಿಂಗಳು ನಾವು ‘ಜನರಿಗೆ ಬುದ್ಧಿ ಇಲ್ಲ’ ಎಂದು ಚರ್ಚಿಸಿದ್ದ ಸಮಸ್ಯೆ ಇದು. ಆಟೋ ತನ್ನ ಸುತ್ತನ್ನು ಆ ರಸ್ತೆಯಿಂದಲೇ ಶುರು ಮಾಡಲಿ ಎಂದು ಸಲಹೆ ಕೊಟ್ಟೆವು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮಾಡಿದರು. ಹದಿನೈದು ದಿನಗಳಲ್ಲಿ ಆ ಮೂಲೆಯ ಕಸ ಮುಕ್ಕಾಲು ಪಾಲು ಕಡಿಮೆಯಾಯಿತು. ಚಾಲಕ ಬದಲಾದಾಗ ಮತ್ತೆ ಬೀಳತೊಡಗಿತು, ಮತ್ತೆ ಬರೆದೆವು. ಅದು ಬೇರೆ ಮಾತು. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಇಷ್ಟು: ಸಮಿತಿ ಆ ಎಂಟು ತಿಂಗಳು ಸಲಹೆ ಕೊಡುತ್ತಲೇ ಇತ್ತು, ಆದರೆ ಸಲಹೆಗೆ ಬೇಕಾದ ಒಂದು ಹಾಳೆ ಅದರ ಕೈಯಲ್ಲಿರಲಿಲ್ಲ.

ಈಗ ಕಾನೂನಿಗೆ ಬರೋಣ. 1992ರ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ನಗರಸಭೆಗಳ ಕೆಲಸವೆಂದು ಹೇಳಿದೆ. 243-ಎಸ್ ವಿಧಿಯಲ್ಲಿ ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿದೆ. ಕರ್ನಾಟಕದಲ್ಲಿ ಮಹಾನಗರಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು, ಪ್ರತಿ ವಾರ್ಡಿಗೂ ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ಸದಸ್ಯರ ಸಮಿತಿ, ಅದರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ಮಹಿಳೆಯರು ಮೂವರು, ನಿವಾಸಿ ಸಂಘಗಳ ಪ್ರತಿನಿಧಿಗಳು ಇಬ್ಬರು ಎಂದು ಗೊತ್ತುಮಾಡಲಾಯಿತು. ಅದೇ ಕಾಯ್ದೆ ಸಮಿತಿಯ ತೀರ್ಮಾನವನ್ನು ತಡೆಹಿಡಿಯುವ ಅಧಿಕಾರವನ್ನು ಅಧ್ಯಕ್ಷರ ಕೈಗೇ ಕೊಟ್ಟಿತು ಎಂಬುದನ್ನೂ ಮರೆಯಬಾರದು. ಹಾಗಾಗಿ ಹೆಸರು ಏನೇ ಇರಲಿ, ಇವು ಮೂಲತಃ ಸಲಹಾ ಸಮಿತಿಗಳೇ.

ಕಾಯ್ದೆ ಬಂದ ಕೂಡಲೇ ಸಮಿತಿಗಳು ಬಂದವೆಂದು ತಿಳಿಯಬೇಡಿ. ಬೆಂಗಳೂರಿನಲ್ಲಿ ಅವಕ್ಕೆ ಜೀವ ಬಂದದ್ದು ಕಸದ ದುರ್ನಾತದಿಂದ. 2012ರಲ್ಲಿ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಭರ್ತಿ ಜಾಗ ಮುಚ್ಚಿತು. ಆ ಮಳೆಗಾಲದಲ್ಲಿ ನಗರದ ಬೀದಿಬೀದಿಯಲ್ಲಿ ಕಸ ರಾಶಿ ಬಿದ್ದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದೇ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ಪ್ರಕರಣ ಹೈಕೋರ್ಟಿನಲ್ಲಿತ್ತು. ಕಸದ ಪ್ರಕರಣದ ವಿಚಾರಣೆ ನಡೆಸುತ್ತಿದ್ದ ಪೀಠವೇ, ವಾರ್ಡ್ ಮಟ್ಟದಲ್ಲಿ ನೋಡಿಕೊಳ್ಳುವವರಿಲ್ಲದೆ ಇದು ಆಗುವ ಕೆಲಸವಲ್ಲ, ಸಮಿತಿಗಳನ್ನು ರಚಿಸಿ ಎಂದು ಪಟ್ಟು ಹಿಡಿಯಿತು. ಆದರೂ ಅಂದಿನ 198 ವಾರ್ಡ್‌ಗಳ ಸಮಿತಿಗಳು ಸಭೆ ಸೇರುವ ರೂಢಿ ಹಿಡಿದದ್ದು 2018ರ ಹೊತ್ತಿಗೆ. ತಿಂಗಳ ಮೊದಲ ಶನಿವಾರ ಎಂಬ ದಿನ ನಿಗದಿಯಾದದ್ದೂ ಆಮೇಲೆಯೇ. ಮಂಗಳೂರಿನಲ್ಲೂ 60 ವಾರ್ಡ್‌ಗಳಿಗೆ ಸಮಿತಿ ಬರಲು ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕಸದ ವಿಷಯದಲ್ಲಿ ನಮ್ಮ ದೇಶದ ಅಭ್ಯಾಸವೇ ಇದು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ರಲ್ಲಿ ದೇಶಕ್ಕೆ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. 2009ರಿಂದ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಬಡಾವಣೆಗಳಲ್ಲಿ ಕಸ ಬೇರ್ಪಡಿಸುವ ಪ್ರಯೋಗ ಮಾಡುತ್ತಿದ್ದ ಘನತ್ಯಾಜ್ಯ ನಿರ್ವಹಣಾ ರೌಂಡ್ ಟೇಬಲ್ ಎಂಬ ನಾಗರಿಕರ ಗುಂಪಿನ ಸದಸ್ಯರ ಅನುಭವ, 2015ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ‘ಎರಡು ಬುಟ್ಟಿ, ಒಂದು ಚೀಲ’ ಆದೇಶವಾಗಿ ಹೊರಬಂತು. ಹಸಿಕಸಕ್ಕೆ ಹಸಿರು ಬುಟ್ಟಿ, ನ್ಯಾಪ್ಕಿನ್ ಡಯಾಪರ್‌ಗಳಂಥವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ ಎಂಬುದು ಇವತ್ತು ಚಿಕ್ಕ ಮಕ್ಕಳಿಗೂ ಗೊತ್ತು. ಇದು ಯಾವುದೋ ಕಚೇರಿಯ ಕಡತದಲ್ಲಿ ಹುಟ್ಟಿದ್ದಲ್ಲ, ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕೈಗವಸು ಹಾಕಿಕೊಂಡು ನೆರೆಹೊರೆಯವರ ಕಸ ಕೆದಕಿ ನೋಡಿದ ಹೆಂಗಸರ ಅನುಭವದಿಂದ ಬಂದದ್ದು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಯೋಚಿಸಿ: ಮನೆಯಲ್ಲಿ ಎಷ್ಟು ಬುಟ್ಟಿ ಇಟ್ಟುಕೊಳ್ಳಬೇಕು ಎಂಬ ಸಲಹೆ ಜಾರಿಗೆ ಬರಲು ಹೈಕೋರ್ಟಿನ ನ್ಯಾಯಮೂರ್ತಿಗಳು ಆದೇಶ ಬರೆಯಬೇಕಾಯಿತು. ಸಲಹೆಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಇಲ್ಲದಿದ್ದಾಗ ನಾಗರಿಕನಿಗೆ ಉಳಿಯುವುದು ರಿಟ್ ಅರ್ಜಿಯೊಂದೇ. ಅರ್ಜಿ ಹಾಕುವುದಕ್ಕೆ ವಕೀಲರು ಬೇಕು, ಹಣ ಬೇಕು, ಹತ್ತು ವರ್ಷದ ತಾಳ್ಮೆ ಬೇಕು. ಅವು ಎಲ್ಲ ವಾರ್ಡ್‌ಗಳಲ್ಲೂ ಸಿಗುವುದಿಲ್ಲ.

2026ರಲ್ಲಿ ಹೊಸ ನಿಯಮಗಳು ಬರುವವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ರಾಜ್ಯ ಮಟ್ಟದ ಸಲಹಾ ಮಂಡಳಿಯ ಪ್ರಸ್ತಾಪವಿತ್ತು. ಅದು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು, ನಿಯಮಗಳ ಜಾರಿಯನ್ನು ಪರಿಶೀಲಿಸಿ ಸರ್ಕಾರಕ್ಕೆ ಸಲಹೆ ನೀಡಬೇಕು ಎಂದಿತ್ತು. ಸಲಹೆ ಬಂದ ಮೇಲೆ ಸರ್ಕಾರ ಇಷ್ಟು ದಿನಗಳಲ್ಲಿ ‘ಒಪ್ಪಿದ್ದೇವೆ’ ಅಥವಾ ‘ಇಂಥ ಕಾರಣಕ್ಕೆ ಒಪ್ಪಿಲ್ಲ’ ಎಂದು ಬರೆದು ತಿಳಿಸಬೇಕು ಎಂಬ ಮಾತು ಅಲ್ಲಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಇದಕ್ಕೆ ಒಳ್ಳೆಯ ಹೆಸರೇ ಇದೆ: ಅನುಪಾಲನಾ ವರದಿ. ಮೇಲಧಿಕಾರಿ ಸಭೆ ಕರೆದರೆ ಹಿಂದಿನ ಸಭೆಯ ಅನುಪಾಲನಾ ವರದಿ ಇಲ್ಲದೆ ಯಾವ ಕೆಳಗಿನ ಅಧಿಕಾರಿಯೂ ಒಳಗೆ ಕಾಲಿಡುವುದಿಲ್ಲ. ನಾಗರಿಕರ ಸಮಿತಿಗೆ ಆ ವರದಿ ಕೊಡುವ ರೂಢಿ ಮಾತ್ರ ಬೆಳೆದಿಲ್ಲ. ಬೇಡ ಎಂದು ಹೇಳುವ ಅಧಿಕಾರ ಅವರಿಗೆ ಇರಲಿ, ನನ್ನ ತಕರಾರಿಲ್ಲ. ಬೇಡವೆಂದದ್ದನ್ನು ಕಾರಣ ಸಮೇತ ಬರೆದುಕೊಡಲಿ. ಬರೆಯಬೇಕಾಗಿ ಬಂದಾಗ ಮನುಷ್ಯ ಯೋಚಿಸುತ್ತಾನೆ.

ಇನ್ನು ಸಮಿತಿಯ ಕೈಗೆ ಯಾವ ಕಾಗದ ಸಿಗಬೇಕು? ದೊಡ್ಡ ಪಟ್ಟಿಯೇನೂ ಬೇಡ. ಆಟೋಗಳ ದಾರಿ ಮತ್ತು ಹೊತ್ತಿನ ಪಟ್ಟಿ, ಪೌರಕಾರ್ಮಿಕರ ಹಾಜರಿ ಪುಸ್ತಕ, ಮತ್ತು ತೂಕದ ಚೀಟಿ. ಮೊದಲನೆಯದರ ಕಥೆ ಹೇಳಿದೆ. ಹಾಜರಿ ಪುಸ್ತಕದಲ್ಲಿ ಇರುವಷ್ಟು ಹೆಸರುಗಳ ಜನ ಬೀದಿಯಲ್ಲಿ ಇರುತ್ತಾರೆಯೇ ಎಂಬುದು ನಿಮಗೆಲ್ಲ ಗೊತ್ತಿರುವ ಹಳೆಯ ಪ್ರಶ್ನೆ, ಅದನ್ನು ಬೆಳೆಸುವುದಿಲ್ಲ. ತೂಕದ ಚೀಟಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ನೀವು ಲಾರಿ ತೂಕದ ಸೇತುವೆಯ ಮೇಲೆ ನಿಲ್ಲುವುದನ್ನು ನೋಡಿರಬಹುದು. ತುಂಬಿದ ಗಾಡಿ ಒಮ್ಮೆ ಹತ್ತುತ್ತದೆ, ಸುರಿದು ಬಂದ ಖಾಲಿ ಗಾಡಿ ಇನ್ನೊಮ್ಮೆ ಹತ್ತುತ್ತದೆ, ಎರಡರ ವ್ಯತ್ಯಾಸ ಒಂದು ಚಿಕ್ಕ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಸಾಗಣೆಗೋ ಸಂಸ್ಕರಣೆಗೋ ಟನ್ನಿನ ಲೆಕ್ಕದಲ್ಲಿ ಹಣ ಕೊಡುವ ಕಡೆಗಳಲ್ಲಿ ಈ ಚೀಟಿಯೇ ಬಿಲ್ಲಿನ ಬೇರು. ಮನೆಯಲ್ಲಿ ನೀವು ಹಸಿಕಸವನ್ನು ಗೊಬ್ಬರ ಮಾಡಿದರೆ ಆ ಚೀಟಿಯಲ್ಲಿನ ಅಂಕಿ ಇಳಿಯುತ್ತದೆ. ಹಸಿಕಸವೆಂದರೆ ಬಹುಪಾಲು ನೀರು, ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಅದರದ್ದೇ. ಹಾಗಾದರೆ, ನೀವು ಗೊಬ್ಬರ ಮಾಡುವುದರಿಂದ ಊರಿಗೆ ಲಾಭ, ಮಣ್ಣಿಗೆ ಲಾಭ. ತೂಕಕ್ಕೆ ಹಣ ಪಡೆಯುವವನಿಗೆ ನಷ್ಟ. ಒಣಕಸದ ಚೀಲ ಮಳೆಯಲ್ಲಿ ನೆನೆದರೆ ನಮಗೆ ಬೇಸರ, ತೂಕಕ್ಕೆ ಹಣ ಪಡೆಯುವವನಿಗೆ ಬೇಸರವಿಲ್ಲ. ಯಾರನ್ನೂ ಕಳ್ಳರೆಂದು ನಾನು ಕರೆಯುತ್ತಿಲ್ಲ. ಕಸ ಹೆಚ್ಚಾದಷ್ಟೂ ಹಣ ಹೆಚ್ಚು ಎಂಬ ಕರಾರಿಗೆ ಸಹಿ ಹಾಕಿ, ಆಮೇಲೆ ‘ಕಸ ಕಡಿಮೆ ಮಾಡಿ’ ಎಂದು ಗೋಡೆ ಬರಹ ಬರೆಸಿದರೆ ಗೆಲ್ಲುವುದು ಯಾವುದು ಎಂದು ಕೇಳುತ್ತಿದ್ದೇನೆ. ವಾರ್ಡಿನ ತಿಂಗಳ ಒಟ್ಟು ತೂಕ ಸಮಿತಿಯ ಮುಂದೆ ಬಂದರೆ, ಕಳೆದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂಬುದು ತಿಳಿಯುತ್ತದೆ. ಬೇರ್ಪಡಿಸುವಿಕೆ ನಡೆದಿದೆಯೋ ಬರೀ ಫೋಟೋದಲ್ಲಿದೆಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ‘ಕಸದಿಂದ ರಸ’ ಎಂಬ ಘೋಷಣೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ರಸ ಎಲ್ಲಿಗೆ ಹರಿಯುತ್ತಿದೆ ಎಂಬ ಲೆಕ್ಕವನ್ನೂ ಯಾರಾದರೂ ಕೊಟ್ಟರೆ ಒಳ್ಳೆಯದು.

ಸಮಿತಿಗಳಿಂದ ಏನೂ ಆಗುವುದಿಲ್ಲವೇ ಎಂದು ನಿಮ್ಮಲ್ಲಿ ಕೆಲವರ ಮುಖ ಕೇಳುತ್ತಿದೆ. ಆಗುತ್ತದೆ. ಮೈಸೂರಿನ ಕುಂಬಾರಕೊಪ್ಪಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಶೂನ್ಯ ತ್ಯಾಜ್ಯ ಘಟಕವನ್ನು ನಡೆಸುತ್ತಿರುವುದು ವಾರ್ಡ್‌ಗಳ ನಾಗರಿಕರೇ ಕೂಡಿ ಕಟ್ಟಿಕೊಂಡ ‘ವಾರ್ಡ್ ಪಾರ್ಲಿಮೆಂಟ್’ ಒಕ್ಕೂಟ. ಪಾಲಿಕೆ ಜಾಗ ಮತ್ತು ಕಸ ಕೊಡುತ್ತದೆ, ಒಕ್ಕೂಟ ಒಣಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುತ್ತದೆ, ಹಸಿಕಸದಿಂದ ಗೊಬ್ಬರ ಮಾಡುತ್ತದೆ. ಮೈಸೂರು ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದರ ಹಿಂದೆ ಇಂಥ ಬಡಾವಣೆ ಮಟ್ಟದ ಘಟಕಗಳ ದುಡಿಮೆಯೂ ಇತ್ತು. ಎಲ್ಲ ಕಸವನ್ನೂ ವಿದ್ಯಾರಣ್ಯಪುರದ ಸೀವೇಜ್ ಫಾರಂಗೆ ಹೊರುವುದಕ್ಕಿಂತ, ಕಸ ಹುಟ್ಟಿದ ಜಾಗದ ಹತ್ತಿರವೇ ಒಂದಷ್ಟನ್ನು ಕರಗಿಸುವುದು ಜಾಣತನ ಎಂದು ಆ ಊರು ತೋರಿಸಿತು. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರವೆಂಬ ಪುಟ್ಟ ಉದ್ಯಾನವಿದೆ. ಗೊಬ್ಬರ ಮಾಡುವ ಹತ್ತಾರು ವಿಧದ ಪಾತ್ರೆ, ತೊಟ್ಟಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಮೂಗು ಮುಚ್ಚಿಕೊಳ್ಳಬೇಕಾಗಿ ಬರುವುದಿಲ್ಲ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯಿತಿಯ ಕಸ ವಿಂಗಡಣೆಯ ಕೆಲಸವನ್ನೂ ಹೇಳಬೇಕು. ಹಳ್ಳಿಯಲ್ಲಿ ಗ್ರಾಮಸಭೆ ಎಂಬುದು ಇರುವುದರಿಂದ, ಕಸದ ಶುಲ್ಕ ಎಷ್ಟೆಂದು ಅಲ್ಲಿ ಮುಖಕ್ಕೆ ಮುಖ ಕೊಟ್ಟು ಕೇಳಬಹುದು.

ಒಂದು ಎಚ್ಚರದ ಮಾತು. ನಾಗರಿಕರೇ ಘಟಕ ನಡೆಸತೊಡಗಿದರೆ ಅವರಿಗೆ ಸಲಹೆ ಕೊಡುವವರು, ಅವರ ಲೆಕ್ಕ ಕೇಳುವವರು ಯಾರು? ಮಾಡುವವರೂ ನೋಡುವವರೂ ಒಬ್ಬರೇ ಆಗಬಾರದು. ಸ್ನೇಹಿತರೊಬ್ಬರು ಈ ಮಾತಿಗೆ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆದರೂ ಹೇಳುತ್ತೇನೆ.

ಈಗ ಎರಡನೆಯ ಪ್ರಶ್ನೆ, ಕುರ್ಚಿಯದ್ದು. ಕಾಯ್ದೆ ಹೇಳಿದ ಹತ್ತು ಜನರನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘಕ್ಕೆ ಜಾಗವಿದೆ, ಒಳ್ಳೆಯದು. ಆದರೆ ಕಸವನ್ನು ಕೈಯಿಂದ ಮುಟ್ಟುವವರಿಗೆ ಆ ಕಾರಣಕ್ಕಾಗಿಯೇ ಒಂದು ಜಾಗವೆಂದು ಎಲ್ಲಿಯೂ ಇಲ್ಲ. ನಮ್ಮ ಸಮಿತಿಯಲ್ಲಿ ಬೀದಿ ಗುಡಿಸುವವರ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೇವೆ. ಅವರಲ್ಲೊಬ್ಬರು ಆ ಕೋಣೆಗೆ ಬಂದದ್ದು ಚಹಾ ಲೋಟ ತೆಗೆಯಲು. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹಳ ಜನರ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಅಪಾರ್ಟ್‌ಮೆಂಟುಗಳು ಹೆಚ್ಚಿರುವ ವಾರ್ಡ್‌ಗಳಲ್ಲಿ ಸಭೆ ನಡೆಯುವುದು ಇಂಗ್ಲಿಷಿನಲ್ಲಿ. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಗಾರ್ಮೆಂಟ್ಸ್ ಹೆಣ್ಣುಮಗಳು ಬರಲಾರಳು. ಹಾಗಾಗಿ ಆ ಟ್ರಾನ್ಸ್‌ಫಾರ್ಮರ್ ಮೂಲೆಗೆ ಕವರ್ ಇಟ್ಟುಹೋಗುವವಳ ಕಷ್ಟ ನಮಗೆ ಎಂಟು ತಿಂಗಳು ತಿಳಿಯದೆ ಹೋದದ್ದು ಆಶ್ಚರ್ಯವಲ್ಲ.

ಚಿಂದಿ ಆಯುವವರ ವಿಷಯದಲ್ಲಿ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಅವರ ಸಂಘಟನೆಗಳನ್ನು ಸ್ಥಳೀಯ ಸಂಸ್ಥೆಗಳು ಗುರುತಿಸಬೇಕು ಎಂದು 2016ರ ನಿಯಮಗಳೇ ಹೇಳಿದ್ದವು. ಬೆಂಗಳೂರಿನಲ್ಲಿ ‘ಹಸಿರು ದಳ’ದಂಥ ಸಂಘಟನೆಯ ಪ್ರಯತ್ನದಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಬಂತು, ಒಣಕಸ ಸಂಗ್ರಹಣಾ ಕೇಂದ್ರಗಳನ್ನು ಅವರೇ ನಡೆಸುವಂತಾಯಿತು. ಪುಣೆಯಲ್ಲಿ ‘ಸ್ವಚ್ಛ್’ ಎಂಬ ಅವರದೇ ಸಹಕಾರ ಸಂಘ ಮನೆಮನೆಯ ಕಸ ಎತ್ತುತ್ತಿದೆ. ಯಾವ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಬೆಲೆಯಿದೆ, ಯಾವುದನ್ನು ಯಾರೂ ಮುಟ್ಟುವುದಿಲ್ಲ ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲ ತಜ್ಞರನ್ನು ನಾನು ಕಂಡಿಲ್ಲ. ಚಿಪ್ಸ್ ಪೊಟ್ಟಣದ ಹೊಳೆಯುವ ಕಾಗದವನ್ನು ಬೆರಳಲ್ಲಿ ಮುದುರಿ, ಅದು ತಾನಾಗಿಯೇ ಬಿಚ್ಚಿಕೊಳ್ಳುವುದನ್ನು ತೋರಿಸಿ, ‘ಇದು ಹೋಗಲ್ಲ ಅಕ್ಕ’ ಎಂದು ಒಬ್ಬಾಕೆ ನನಗೆ ಪಾಠ ಮಾಡಿದಳು. ಅಂಥವರನ್ನು ಸಮಿತಿಗೆ ‘ವಿಶೇಷ ಆಹ್ವಾನಿತ’ರೆಂದು ಕರೆದು ಹಾರ ಹಾಕಿದರೆ ಸಾಲದು. ಒಂದು ಬೆಳಗಿನ ದುಡಿಮೆ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನೂ ಕೊಡಬೇಕು.

ಇವರೆಲ್ಲರಿಗಿಂತ ದೂರದಲ್ಲಿ ಇನ್ನೊಬ್ಬರಿದ್ದಾರೆ. ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನ ಜನ ವರ್ಷಗಟ್ಟಲೆ ರಾಜಧಾನಿಯ ಕಸದ ಬೆಟ್ಟದ ಪಕ್ಕದಲ್ಲಿ ಬಾಳಿದರು. 2014ರ ಜೂನ್‌ನಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಸರ್ಕಾರ ಕಾಲಾವಕಾಶ ಕೇಳಿತು, ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ನಿಂತ ಕಸ ಮಾಯವಾಗಲಿಲ್ಲ. ಬೇರೆ ಹಳ್ಳಿಗಳ ಕಡೆಗೆ, ಮಿಟ್ಟಗಾನಹಳ್ಳಿಯಂಥ ಕಡೆಯ ಕಲ್ಲು ಕ್ವಾರಿಗಳಿಗೆ ತಿರುಗಿತು. ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡವೇ ಜರುಗಿ, ಕೆಳಗಿನ ಮಂದಾರದ ತೆಂಗು ಅಡಿಕೆ ತೋಟಗಳನ್ನು ನುಂಗಿ, ಸಂಸಾರಗಳು ಮನೆ ಬಿಟ್ಟು ಏಳಬೇಕಾಯಿತು. ಮಂಡೂರಿನವರು, ಮಂದಾರದವರು ಯಾವ ಸಮಿತಿಗೆ ಸಲಹೆ ಕೊಡಬೇಕಾಗಿತ್ತು ಹೇಳಿ? ಕಸ ಹುಟ್ಟುವ ವಾರ್ಡ್‌ನಲ್ಲಿ ಸಮಿತಿಯಿದೆ, ಕಸ ಬೀಳುವ ಊರಿಗೆ ಆ ಸಮಿತಿಯಲ್ಲಿ ಜಾಗವಿಲ್ಲ. ಕಸ ಹಾಕುವವರೇ ಕೂಡಿ ಕಸದ ಬಗ್ಗೆ ಸಲಹೆ ಕೊಟ್ಟರೆ, ಆ ಸಲಹೆ ಕೊನೆಗೆ ‘ನಮ್ಮ ಕಣ್ಣ ಮುಂದಿನಿಂದ ಬೇಗ ತೆಗೆಯಿರಿ’ ಎಂಬಲ್ಲಿಗೆ ಬಂದು ನಿಲ್ಲುವುದು ಸಹಜ. ನಮ್ಮ ಅಂಗಳ ಗುಡಿಸಿ ಪಕ್ಕದವರ ಅಂಗಳಕ್ಕೆ ತಳ್ಳಿದ ಹಾಗೆ.

ಇದು ನಮ್ಮ ಊರಿನ ಪಾಪ ಮಾತ್ರವಲ್ಲ. ನ್ಯೂಯಾರ್ಕ್ ನಗರ 1989ರಲ್ಲೇ ಮರುಬಳಕೆಯ ಸ್ಥಳೀಯ ಕಾನೂನು ಮಾಡಿದಾಗ, ಅದರ ಐದು ವಿಭಾಗಗಳಿಗೂ ಘನತ್ಯಾಜ್ಯ ಸಲಹಾ ಮಂಡಳಿಗಳನ್ನು ಆ ಕಾನೂನಿನಲ್ಲೇ ಬರೆದಿಟ್ಟಿತು. ನಾಗರಿಕರು ಸ್ವಂತ ಇಚ್ಛೆಯಿಂದ ದುಡಿಯುವ ಈ ಮಂಡಳಿಗಳು ಹಸಿಕಸವನ್ನು ಬೇರೆಯಾಗಿ ಎತ್ತಬೇಕೆಂದು ಬಹುಕಾಲ ಒತ್ತಾಯಿಸುತ್ತಾ ಬಂದವು. ಅದು ಇಡೀ ನಗರಕ್ಕೆ ಕಡ್ಡಾಯವಾದದ್ದು 2024ರಲ್ಲಿ. ಲೆಕ್ಕ ಹಾಕಿ, ಮೂವತ್ತೈದು ವರ್ಷ. ಅಲ್ಲಿನ ಸ್ಟೇಟನ್ ಐಲ್ಯಾಂಡಿನ ಫ್ರೆಶ್ ಕಿಲ್ಸ್ ಎಂಬ ಮಹಾ ತಿಪ್ಪೆ 1948ರಿಂದ 2001ರವರೆಗೆ ನಗರದ ಕಸವನ್ನು ನುಂಗಿತು. ಅಲ್ಲಿಯವರು ಹೋರಾಡಿ ಮುಚ್ಚಿಸಿದ ಮೇಲೆ ಕಸ ಬೇರೆ ರಾಜ್ಯಗಳ ಹಳ್ಳಿಗಳ ಕಡೆಗೆ ರೈಲು ಹತ್ತಿತು. ಆ ಹಳ್ಳಿಗಳಿಗೂ ನ್ಯೂಯಾರ್ಕಿನ ಮಂಡಳಿಯಲ್ಲಿ ಕುರ್ಚಿಯಿಲ್ಲ.

ಈ ಮಾತನ್ನು ಈಗಲೇ ಆಡಬೇಕಾದ ಕಾರಣವಿದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಕೌನ್ಸಿಲ್ ಇಲ್ಲದೆ ಕಳೆದ ವರ್ಷಗಳಲ್ಲಿ ವಾರ್ಡ್ ಸಭೆಗಳು ಅಧಿಕಾರಿಗಳ ಮರ್ಜಿಗೆ ಬಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಆಮೇಲೆ ವಾರ್ಡ್‌ಗಳು 369 ಆದವು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿಗೆ ಜಾಗವಿದೆ. ನಿಯಮಗಳ ಬಗ್ಗೆ ಆಕ್ಷೇಪಣೆ ಕರೆದಾಗ ಬರೆಯುವವರು ಇಲ್ಲಿ ಕೆಲವರಾದರೂ ಇದ್ದೀರಿ. ಮೂರು ಕಾಗದ, ಗಡುವಿನೊಳಗೆ ಲಿಖಿತ ಉತ್ತರ, ಕಸ ಎತ್ತುವವರಿಗೆ ಒಂದು ಕುರ್ಚಿ, ಕಸ ಬೀಳುವ ಊರಿಗೆ ಒಂದು ಕುರ್ಚಿ ಎಂದು ಬರೆಯಿರಿ. ಕೊನೆಯದನ್ನು ಒಪ್ಪಿಸುವುದು ಕಷ್ಟ. ಎಷ್ಟು ಕಷ್ಟವೆಂದು ನನಗೆ ಗೊತ್ತು.

ನಮ್ಮ ಸಮಿತಿಯ ಎರಡನೆಯ ವರ್ಷ ನಾವು ಐದು ಜನ ಒಂದು ವ್ಯಾನು ಮಾಡಿಕೊಂಡು ನಮ್ಮ ಕಸ ಹೋಗಿ ಬೀಳುವ ಜಾಗಕ್ಕೆ ಹೋಗಿದ್ದೆವು. ಗೇಟಿನ ಆಚೆ ಒಂದು ರಾಗಿ ಹೊಲ. ಬದುವಿನ ಮೇಲೆ ಕೂತಿದ್ದ ಯಜಮಾನರು ನಮ್ಮನ್ನು ಕರೆದು, ಎಲ್ಲಿಯವರು ಎಂದು ವಿಚಾರಿಸಿ, ಕೊಳವೆಬಾವಿಯ ನೀರನ್ನು ಒಂದು ಸ್ಟೀಲ್ ಚೊಂಬಿನಲ್ಲಿ ತುಂಬಿ ತಂದು ಮುಂದೆ ಹಿಡಿದರು. ಕುಡಿಯಲು ಅಲ್ಲ, ನೋಡಲು. ತಿಳಿ ಚಹಾದ ಬಣ್ಣವಿತ್ತು. ‘ದನವೂ ಮೂಸಿ ಬಿಡ್ತಾವೆ ಕಣಮ್ಮ’ ಎಂದರು. ಮುಂದಿನ ಸಭೆಗೆ ಅವರನ್ನು ಕರೆಸಿ ಮಾತು ಕೇಳೋಣ ಎಂದು ಬ್ಯಾಂಕಿನ ಹಿರಿಯರು ವಿಷಯ ಮಂಡಿಸಿದರು. ಹತ್ತು ನಿಮಿಷ ಚರ್ಚೆಯಾಯಿತು. ಗುಮಾಸ್ತರು ಬರೆದುಕೊಂಡರು: ‘ಸದರಿ ವಿಷಯವು ಈ ವಾರ್ಡಿನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಕೈಬಿಡಲಾಯಿತು.’ ಅಲ್ಲಿಂದ ಮುಂದಿನ ವಿಷಯ ಬೀದಿದೀಪ. ಆ ಪುಟದ ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು.